ಸ್ವಾರಗೇಟದಿಂದ ಸೊರಬದವರೆಗೆ: ಮಹಾಮಾರಿಯ ವೈರಾಣು ಹುಟ್ಟುವ, ಬದಲಾಗುವ ಬಗೆ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣವನ್ನು ಅರಿಯದ ಕನ್ನಡಿಗರು ಈ ನಗರದಲ್ಲಿ ವಿರಳ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ಕಡೆಗೆ ಹೋಗುವ, ಅಲ್ಲಿಂದ ಬರುವ ನಮ್ಮವರ ಪ್ರಯಾಣಕ್ಕೆ ಇದು ಹೆಬ್ಬಾಗಿಲು. 2024ರ ಸೆಪ್ಟೆಂಬರ್‌ನಿಂದ ನೆಲದಡಿಯ ಮೆಟ್ರೋ ರೈಲೂ ಇಲ್ಲಿಗೆ ಬಂದು ನಿಲ್ಲುತ್ತಿದ್ದು, ಜನಸಂದಣಿ ಇನ್ನಷ್ಟು ಹೆಚ್ಚಿದೆ. ಇದೇ ನಗರದ ಡಾ. ಅಂಬೇಡ್ಕರ್ ರಸ್ತೆಯಲ್ಲಿ, ಸ್ವಾರಗೇಟದಿಂದ ಹೆಚ್ಚು ದೂರವಿಲ್ಲದ ಸ್ಥಳದಲ್ಲಿ, ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ವೈರಾಣು ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿ ಇದನ್ನು ಸ್ಥಾಪಿಸಿದವು. 1978ರಲ್ಲಿ ಅದು ಇಂದಿನ ಹೆಸರನ್ನು ಪಡೆಯಿತು. ವೈರಾಣು ಜನರೊಡನೆ ಸಂಚರಿಸುವ ದಾರಿಯೂ, ಅದರ ಗುರುತನ್ನು ಪತ್ತೆಹಚ್ಚುವ ಮನೆಯೂ ಒಂದೇ ಊರಿನಲ್ಲಿ ಇರುವುದರಿಂದ, ಮಹಾಮಾರಿಯ ವೈರಾಣು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

2009ರ ಆಗಸ್ಟ್ 3ರಂದು ಪುಣೆಯಲ್ಲಿ 14 ವರ್ಷದ ಶಾಲಾ ಬಾಲಕಿಯೊಬ್ಬಳು ಹಂದಿಜ್ವರದಿಂದ ಸಾವಿಗೀಡಾದಳು. ಎಚ್1ಎನ್1 ವೈರಾಣುವಿಗೆ ಭಾರತದಲ್ಲಿ ಬಲಿಯಾದ ಮೊದಲ ಜೀವ ಅದು. ಮುಂದಿನ ಎರಡು ವಾರಗಳ ಪುಣೆಯನ್ನು ಕಂಡವರು ಮರೆತಿರಲಾರರು. ಔಷಧ ಅಂಗಡಿಗಳಲ್ಲಿ ಮುಖಗವುಸು ಸಿಗದಾಯಿತು. ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಉದ್ದನೆಯ ಸಾಲುಗಳು ನಿಂತವು. ಶಾಲೆ, ಕಾಲೇಜು, ಚಿತ್ರಮಂದಿರಗಳು ಮುಚ್ಚಿದವು. ಆ ವರ್ಷದ ಗಣೇಶ ಚತುರ್ಥಿ ಆಗಸ್ಟ್ 23ರಂದು ಬಂದಿತ್ತು. ಗಣೇಶೋತ್ಸವದ ತವರೂರಾದ ಪುಣೆಯಲ್ಲಿ ಜನ ಸೇರಲು ಅಂಜಿದ ಹಬ್ಬವದು. ಊರಿನಿಂದ ಬರುವವರು ಬರಲಿಲ್ಲ, ಇಲ್ಲಿಂದ ಹೋಗುವವರನ್ನು ಅಲ್ಲಿನವರು ಶಂಕೆಯಿಂದ ನೋಡಿದರು.

ಆ ವೈರಾಣು ಪುಣೆಯಲ್ಲಿ ಹುಟ್ಟಿದ್ದಲ್ಲ. 2009ರ ಏಪ್ರಿಲ್‌ನಲ್ಲಿ ಅದನ್ನು ಮೊದಲು ಗುರುತಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳಲ್ಲಿ. ಅದೇ ವೇಳೆಗೆ ಮೆಕ್ಸಿಕೋದಲ್ಲಿ ಅದು ಹರಡಿ ಆಗಿತ್ತು. ಮೇ ತಿಂಗಳಲ್ಲಿ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕನ ಮೂಲಕ ಭಾರತದ ಮೊದಲ ಪ್ರಕರಣ ದಾಖಲಾಯಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಮಹಾಮಾರಿ ಎಂದು ಘೋಷಿಸಿತು. ಆದರೆ ಅದರ ನಿಜವಾದ ಜನನ ಅದಕ್ಕೂ ಹಿಂದೆ, ಹಂದಿಗಳ ದೇಹದೊಳಗೆ ನಡೆದಿತ್ತು.

ಇದನ್ನು ತಿಳಿಯಲು ಫ್ಲೂ ವೈರಾಣುವಿನ ರಚನೆಯನ್ನು ಸ್ವಲ್ಪ ನೋಡಬೇಕು. ಅದರ ವಂಶವಾಹಿ ಒಂದೇ ಎಳೆಯಲ್ಲಿಲ್ಲ, ಆರ್‌ಎನ್‌ಎಯ ಎಂಟು ಬಿಡಿ ತುಂಡುಗಳಲ್ಲಿದೆ. ಒಂದೇ ಜೀವಕೋಶಕ್ಕೆ ಎರಡು ಬಗೆಯ ಫ್ಲೂ ವೈರಾಣುಗಳು ಏಕಕಾಲಕ್ಕೆ ಹೊಕ್ಕರೆ, ಹೊರಬರುವ ಮರಿಗಳಲ್ಲಿ ಈ ತುಂಡುಗಳು ಅದಲುಬದಲಾಗಿರಬಹುದು. ಎರಡು ಕಟ್ಟು ಇಸ್ಪೀಟೆಲೆಗಳನ್ನು ಬೆರೆಸಿ ಹೊಸ ಕಟ್ಟು ಮಾಡಿದಂತೆ ಎನ್ನಬಹುದು. ಕಾಡುಹಕ್ಕಿಗಳು, ಅದರಲ್ಲೂ ನೀರುಹಕ್ಕಿಗಳು, ಫ್ಲೂ ವೈರಾಣುಗಳ ಮೂಲನೆಲೆ. ಹಂದಿಗೆ ಹಕ್ಕಿಯ ಫ್ಲೂವೂ ತಗಲುತ್ತದೆ, ಮನುಷ್ಯನ ಫ್ಲೂವೂ ತಗಲುತ್ತದೆ. ಆದ್ದರಿಂದ ಅದು ಬೆರಕೆಯ ಪಾತ್ರೆಯಾಗಬಲ್ಲದು. 2009ರ ವೈರಾಣುವಿನ ಆರು ತುಂಡುಗಳು ಉತ್ತರ ಅಮೆರಿಕದ ಹಂದಿಗಳಲ್ಲಿದ್ದ ವೈರಾಣುವಿನಿಂದ ಬಂದವು. ಆ ವೈರಾಣುವೇ ಹಕ್ಕಿ, ಹಂದಿ, ಮನುಷ್ಯ ಈ ಮೂರರ ಬೆರಕೆಯಾಗಿತ್ತು. ಉಳಿದೆರಡು ಯುರೋಪ್-ಏಷ್ಯಾದ ಹಂದಿಗಳ ವೈರಾಣುವಿನವು. 1957ರ ಏಷ್ಯನ್ ಫ್ಲೂವಿನಲ್ಲಿ ಮೂರು ತುಂಡುಗಳೂ, 1968ರ ಹಾಂಗ್‌ಕಾಂಗ್ ಫ್ಲೂವಿನಲ್ಲಿ ಎರಡು ತುಂಡುಗಳೂ ಹಕ್ಕಿಗಳಿಂದ ಬಂದು ಮನುಷ್ಯನ ಹಳೆಯ ಫ್ಲೂವಿಗೆ ಸೇರಿಕೊಂಡಿದ್ದವು.

ಇಂತಹ ಹೊಸ ಬೆರಕೆಯನ್ನು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹಿಂದೆ ಕಂಡಿರುವುದಿಲ್ಲ. 2009ರಲ್ಲಿ ಎಳೆಯರೇ ಹೆಚ್ಚಾಗಿ ಹಾಸಿಗೆ ಹಿಡಿದದ್ದಕ್ಕೆ ಇದೇ ಕಾರಣ. 1957ಕ್ಕಿಂತ ಮೊದಲು ಹುಟ್ಟಿದ ಅಜ್ಜ-ಅಜ್ಜಿಯರ ದೇಹಕ್ಕೆ ಎಚ್1ಎನ್1ರ ಹಳೆಯ ಸಂಬಂಧಿಗಳ ಪರಿಚಯವಿತ್ತು. ಮೊಮ್ಮಕ್ಕಳಿಗೆ ಅದು ಇರಲಿಲ್ಲ.

ಈಗ ಪುಣೆಯಿಂದ ನಮ್ಮ ಮಲೆನಾಡಿನತ್ತ ಹೊರಳೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಆಸುಪಾಸಿನ ಹಳ್ಳಿಗರಿಗೂ ತೀವ್ರ ಜ್ವರ, ರಕ್ತಸ್ರಾವ ಕಾಣಿಸಿತು. ಮಂಗಗಳ ಸಾವು ದಕ್ಷಿಣ ಅಮೆರಿಕದ ಹಳದಿಜ್ವರದ ಲಕ್ಷಣವೆಂದು ತಿಳಿದಿದ್ದ ತಜ್ಞರು ಗಾಬರಿಗೊಂಡರು. ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಹೇರಳವಾಗಿತ್ತು. ತಪಾಸಣೆಗೆ ಬಂದವರು ಇದೇ ಪುಣೆಯ ಕೇಂದ್ರದ ವಿಜ್ಞಾನಿಗಳು. ಅವರು ಬೇರ್ಪಡಿಸಿದ ವೈರಾಣು ಹಳದಿಜ್ವರದ್ದಾಗಿರದೆ, ರಷ್ಯಾದ ಕಾಡುಗಳಲ್ಲಿ ಉಣ್ಣೆಹುಳುಗಳಿಂದ ಹರಡುವ ಮೆದುಳುಜ್ವರದ ಕುಲಕ್ಕೆ ಸೇರಿದ್ದಾಗಿತ್ತು. ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು. ಕನ್ನಡ ನಾಡಿನ ಒಂದು ಹಳ್ಳಿಯ ಹೆಸರು ವಿಶ್ವದ ವೈದ್ಯಗ್ರಂಥಗಳಿಗೆ ಸೇರಿದ್ದು ಹೀಗೆ. ಹೆಮ್ಮೆಪಡುವ ಕಾರಣವಂತೂ ಅಲ್ಲ.

ಈ ಸಂಶೋಧನೆಯ ಬೆಲೆಯೂ ಕಡಿಮೆಯದಾಗಿರಲಿಲ್ಲ. ಈ ವೈರಾಣುವನ್ನು ಅಭ್ಯಸಿಸುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ ನಿದರ್ಶನಗಳಿವೆ. ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯ ಪುಣೆಯ ಪಾಷಾಣದಲ್ಲಿ ಸಿದ್ಧವಾಗಲು 2012ರವರೆಗೆ ಕಾಯಬೇಕಾಯಿತು.

ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಜನರನ್ನು ಕೊಲ್ಲುವ ಈ ಕಾಯಿಲೆ ಆರು ದಶಕಗಳು ಕಳೆದರೂ ಮಹಾಮಾರಿ ಏಕಾಗಲಿಲ್ಲ? ನಮ್ಮ ದೃಷ್ಟಿಯಲ್ಲಿ ಈ ಲೇಖನದ ತಿರುಳು ಇಲ್ಲಿದೆ. ವೈರಾಣುವೊಂದು ಮಹಾಮಾರಿಯಾಗಲು ಪ್ರಾಣಿಯಿಂದ ಮನುಷ್ಯನಿಗೆ ದಾಟಿದರೆ ಸಾಲದು, ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ದಾಟಬೇಕು. ಮಂಗನ ಕಾಯಿಲೆಯ ವೈರಾಣು ಉಣ್ಣೆಯಿಂದ ಇಲಿ, ಹೆಗ್ಗಣ, ಮಂಗಗಳಿಗೆ, ಅಲ್ಲಿಂದ ಮತ್ತೆ ಉಣ್ಣೆಗೆ ಸುತ್ತುತ್ತದೆ. ಸೌದೆಗೋ ದರಗಿಗೋ ಕಾಡಿಗೆ ಹೋದವರನ್ನು ಉಣ್ಣೆ ಕಚ್ಚಿದರೆ ಕಾಯಿಲೆ ಬರುತ್ತದೆ. ಆದರೆ ಆ ರೋಗಿಯಿಂದ ಮನೆಯವರಿಗೆ ಅದು ಹರಡುವುದಿಲ್ಲ. ವೈರಾಣುವಿನ ಪಾಲಿಗೆ ಮನುಷ್ಯ ಕುರುಡು ಓಣಿ. ಜೊತೆಗೆ, ಉಣ್ಣೆಯ ದೇಹದಲ್ಲೂ ಪ್ರಾಣಿಯ ದೇಹದಲ್ಲೂ ಬದುಕಬೇಕಾದ ವೈರಾಣುವಿಗೆ ಮನಬಂದಂತೆ ಬದಲಾಗುವ ಸ್ವಾತಂತ್ರ್ಯ ಕಡಿಮೆ. ಒಂದೆಡೆ ಅನುಕೂಲವಾದ ಬದಲಾವಣೆ ಇನ್ನೊಂದೆಡೆ ಮಾರಕವಾಗಬಹುದು.

ಎರಡರ ನಡುವಣ ಮೆಟ್ಟಿಲಿನಲ್ಲಿ ನಿಂತಿರುವುದು ನಿಫಾ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡ್‌ನಲ್ಲಿ ಅದು ಕಾಣಿಸಿದಾಗ ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ವೈರಾಣು ಪ್ರಯೋಗಾಲಯ. ಪುಣೆಯ ಸಂಸ್ಥೆ ಅದನ್ನು ದೃಢಪಡಿಸಿತು. ಹಣ್ಣುಬಾವಲಿಗಳಲ್ಲಿ ನೆಲೆಸಿರುವ ಈ ವೈರಾಣು ರೋಗಿಯ ಆರೈಕೆ ಮಾಡುವವರಿಗೆ, ದಾದಿಯರಿಗೆ ತಗಲುತ್ತದೆ. ಆದರೆ ಸರಾಸರಿಯಲ್ಲಿ ಒಬ್ಬ ರೋಗಿ ಒಬ್ಬರಿಗಿಂತ ಕಡಿಮೆ ಜನರಿಗೆ ಅದನ್ನು ದಾಟಿಸುವುದರಿಂದ ಸರಪಳಿ ತಾನಾಗಿ ಕಡಿಯುತ್ತದೆ. ಆ ಸಂಖ್ಯೆ ಒಂದನ್ನು ಮೀರಿದ ದಿನ ಕಥೆ ಬೇರೆಯಾಗುತ್ತದೆ. ಪ್ರತಿಯೊಂದು ದಾಟುವಿಕೆಯೂ ವೈರಾಣುವಿಗೆ ದೊರೆತ ಒಂದು ಅವಕಾಶವೆಂದು ತಜ್ಞರು ಕಳವಳಪಡುವುದು ಈ ಕಾರಣಕ್ಕೇ.

ಚಿಕ್ಕ ಬದಲಾವಣೆಯೊಂದು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಚಿಕುನ್‌ಗುನ್ಯಾ ಸಾಕ್ಷಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಕಾಣಿಸಿಕೊಂಡು ಮರೆಯಾದ ಅದು, 2005ರ ಕೊನೆಗೆ ಆಫ್ರಿಕಾ ಮೂಲದ ಬೇರೊಂದು ತಳಿಯಾಗಿ ಮರಳಿತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದು, ಅರ್ಧಕ್ಕೂ ಮಿಕ್ಕಿದ ಪಾಲು ಕರ್ನಾಟಕದ್ದು. ಊರಿಗೆ ಊರೇ ಕೀಲುನೋವಿನಿಂದ ಕುಂಟುತ್ತಿದ್ದ ದಿನಗಳವು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಈ ವೈರಾಣುವಿನ ಹೊರಕವಚದ ಪ್ರೋಟೀನಿನಲ್ಲಿ 226ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಅಷ್ಟರಿಂದಲೇ ತೋಟಗಳಲ್ಲಿ ವಾಸಿಸುವ ಹುಲಿಪಟ್ಟೆಯ ಸೊಳ್ಳೆ ಅದನ್ನು ಸುಲಭವಾಗಿ ಹರಡಲು ಶಕ್ತವಾಯಿತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಕಂಡುಬಂತು.

ಕೊರೋನಾದ ಕಥೆ ಓದುಗರಿಗೆ ಹೊಸದಲ್ಲ. ನಮ್ಮ ವಿಷಯಕ್ಕೆ ಬೇಕಾದಷ್ಟನ್ನೇ ಹೇಳುತ್ತೇವೆ. ದೇಶದ ಮೊದಲ ಪ್ರಕರಣವನ್ನು 2020ರ ಜನವರಿ 30ರಂದು ದೃಢಪಡಿಸಿದ್ದು ಪುಣೆಯ ಸಂಸ್ಥೆ. ಮಹಾರಾಷ್ಟ್ರದ ಮೊದಲ ರೋಗಿಗಳು ಮಾರ್ಚ್ 9ರಂದು ಪುಣೆಯಲ್ಲಿಯೇ ಪತ್ತೆಯಾದರು. ಮರುದಿನ ಕಲಬುರಗಿಯಲ್ಲಿ ದೇಶದ ಮೊದಲ ಸಾವು ಸಂಭವಿಸಿತು. ಇದರ ಹತ್ತಿರದ ಸಂಬಂಧಿಗಳು ಬಾವಲಿಗಳಲ್ಲಿ ದೊರೆತಿವೆ. ಮನುಷ್ಯನನ್ನು ತಲುಪಿದ ನಿಖರ ದಾರಿಯ ಬಗ್ಗೆ ವಾದ ಮುಗಿದಿಲ್ಲ. ಸುಮಾರು 30 ಸಾವಿರ ಅಕ್ಷರಗಳ ಅದರ ವಂಶವಾಹಿಯಲ್ಲಿ ತಪ್ಪು ತಿದ್ದುವ ವ್ಯವಸ್ಥೆಯೊಂದಿದೆ. ಹಾಗಿದ್ದರೂ ಕೋಟ್ಯಂತರ ಜನರಲ್ಲಿ ಬೆಳೆದಾಗ ತಪ್ಪುಗಳು ಉಳಿಯುತ್ತವೆ, ಅನುಕೂಲವಾದವು ಮೇಲುಗೈ ಪಡೆಯುತ್ತವೆ. 2020ರ ಕೊನೆಯಲ್ಲಿ ಮಹಾರಾಷ್ಟ್ರದಲ್ಲಿ ಗುರುತಿಸಲಾದ ಡೆಲ್ಟಾ ಕುಲ ಹೀಗೆ ಬಂದದ್ದು. ಒಮೈಕ್ರಾನ್ ದೇಶದಲ್ಲಿ ಮೊದಲು ಪತ್ತೆಯಾದದ್ದು 2021ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ.

ವೈರಾಣು ಹಳತಾದಂತೆ ಸೌಮ್ಯವಾಗುತ್ತದೆ ಎಂಬ ಮಾತು ವಿದ್ಯಾವಂತರ ಬಾಯಲ್ಲೂ ಕೇಳಿಬರುತ್ತದೆ. ನಾವು ಅದನ್ನು ಒಪ್ಪಲಾರೆವು. 1918ರ ಫ್ಲೂವಿನ ಎರಡನೆಯ ಅಲೆ ಮೊದಲನೆಯದಕ್ಕಿಂತ ಕ್ರೂರವಾಗಿತ್ತು. ಭಾರತದಲ್ಲಿಯೇ ಕೋಟಿಗೂ ಮೀರಿದ ಜನ ಅಳಿದರು. ಡೆಲ್ಟಾ ತನ್ನ ಹಿಂದಿನ ಕುಲಗಳಿಗಿಂತ ತೀವ್ರವಾಗಿತ್ತು. ವೈರಾಣುವಿಗೆ ಬೇಕಾದುದು ಹರಡುವಿಕೆ. ರೋಗಿ ಸಾಯುವ ಮೊದಲೇ ಅದು ಹರಡಿ ಆಗಿದ್ದರೆ, ಸೌಮ್ಯವಾಗಬೇಕಾದ ಒತ್ತಡವೇ ಅದಕ್ಕಿಲ್ಲ. ಕಾಲಕ್ರಮದಲ್ಲಿ ಸಾವು ಕಡಿಮೆಯಾದಲ್ಲಿ, ಅದಕ್ಕೆ ಬಹುಪಾಲು ಕಾರಣ ಸೋಂಕಿನಿಂದ ಅಥವಾ ಲಸಿಕೆಯಿಂದ ನಮ್ಮ ದೇಹ ಕಲಿತ ಪಾಠ. 2009ರ ಎಚ್1ಎನ್1 ಸಂತತಿ ಇಂದಿಗೂ ಋತುಮಾನದ ಫ್ಲೂ ಆಗಿ ನಮ್ಮ ನಡುವೆಯೇ ಇದೆ. 2015ರಲ್ಲಿ ಅದು ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು.

ಇನ್ನು ಪ್ರಯಾಣದ ಮಾತು. ಸ್ವಾರಗೇಟದಿಂದ ರಾತ್ರಿ ಹೊರಟವರು ಬೆಳಗಾಗುವುದರೊಳಗೆ ಬೆಳಗಾವಿಯಲ್ಲಿರುತ್ತಾರೆ. ಫ್ಲೂ ಸೋಂಕು ತಗುಲಿ ಜ್ವರ ಕಾಣಿಸಲು ಒಂದರಿಂದ ನಾಲ್ಕು ದಿನ ಬೇಕು. ಲಕ್ಷಣ ಕಾಣುವ ಮುನ್ನಾದಿನವೇ ಅದು ಇತರರಿಗೆ ಹರಡಬಲ್ಲದು. ಬಸ್ ನಿಲ್ದಾಣದಲ್ಲಿ ಹಣೆಗೆ ಉಷ್ಣಮಾಪಕ ಹಿಡಿದು ಇಂತಹ ವೈರಾಣುವನ್ನು ತಡೆಯುವುದು ಅಸಾಧ್ಯ. 2003ರ ಸಾರ್ಸ್ ಹಿಡಿತಕ್ಕೆ ಬಂದದ್ದು ಅದರ ರೋಗಿಗಳು ಹಾಸಿಗೆ ಹಿಡಿದ ಮೇಲೆಯೇ ಹೆಚ್ಚಾಗಿ ಹರಡುತ್ತಿದ್ದುದರಿಂದ.

ಮಂಗನ ಕಾಯಿಲೆ ಬಸ್ಸಿನಲ್ಲಿ ಹರಡದಿದ್ದರೂ ತನ್ನ ಗಡಿಯನ್ನು ವಿಸ್ತರಿಸುತ್ತಲೇ ಇದೆ. 2012ರಲ್ಲಿ ಬಂಡೀಪುರದಲ್ಲಿ, ಬಳಿಕ ವಯನಾಡಿನಲ್ಲಿ, ಗೋವಾದಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಅದು ಕಾಣಿಸಿಕೊಂಡಿತು. ದಶಕಗಳ ಕಾಲ ನೀಡಲಾಗುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಜಾತ್ರೆ, ಮದುವೆಗಳೆಂದು ಪುಣೆಯ ನಮ್ಮವರು ಊರಿಗೆ ಹೋಗಿ ಬರುವ ಕಾಲವೂ ಅದೇ. ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುವುದರಿಂದ, ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ತಗುಲಿದ ಸೋಂಕು ಸ್ವಾರಗೇಟದಲ್ಲಿ ಇಳಿದ ಮೇಲೆ ಕಾಣಿಸಬಹುದು, ಇಲ್ಲಿನ ವೈದ್ಯರು ಅದನ್ನು ಡೆಂಗಿ ಎಂದು ಭಾವಿಸಬಹುದು. ಅಂತಹ ಜ್ವರ ಬಂದವರು ತಾವು ತೋಟಕ್ಕೋ ಕಾಡಿಗೋ ಹೋಗಿದ್ದ ಸಂಗತಿಯನ್ನು, ಮಂಗ ಸತ್ತ ಸುದ್ದಿ ಕೇಳಿದ್ದರೆ ಅದನ್ನೂ, ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ರಕ್ತದ ಮಾದರಿಯನ್ನು ಪರೀಕ್ಷಿಸಬಲ್ಲ ಪ್ರಯೋಗಾಲಯ ಇದೇ ಊರಿನಲ್ಲಿದೆ.