ಬಂಡೀಪುರ ರಾಷ್ಟ್ರೀಯ ಉದ್ಯಾನದ ಪ್ರವಾಸ

ಬಂಡೀಪುರ ರಾಷ್ಟ್ರೀಯ ಉದ್ಯಾನವು ಕರ್ನಾಟಕದ ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಸಂರಕ್ಷಿತ ಅರಣ್ಯವಾಗಿದೆ. ಇದರ ವಿಸ್ತೀರ್ಣ ಸುಮಾರು 874 ಚದರ ಕಿಲೋಮೀಟರ್. ಉತ್ತರದಲ್ಲಿ ಕಬಿನಿ ಹಿನ್ನೀರಿನಾಚೆ ನಾಗರಹೊಳೆ, ದಕ್ಷಿಣದಲ್ಲಿ ಮೋಯಾರ್ ನದಿಯಾಚೆ ತಮಿಳುನಾಡಿನ ಮುದುಮಲೈ, ಪಶ್ಚಿಮದಲ್ಲಿ ಕೇರಳದ ವಯನಾಡು ಅಭಯಾರಣ್ಯ ಇವೆ. ರಾಜ್ಯಗಳ ಗಡಿ ನಕ್ಷೆಯಲ್ಲಿ ಮಾತ್ರ. ಆನೆಗಳ ಪಾಲಿಗೆ ಇವೆಲ್ಲವೂ ಒಂದೇ ಕಾಡು. 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶಕ್ಕೆ ಈ ನಾಲ್ಕೂ ಅರಣ್ಯಗಳು ಸೇರಿವೆ.

ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಇಲ್ಲಿ 1931ರಲ್ಲಿ 90 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯವನ್ನು ಸ್ಥಾಪಿಸಲಾಯಿತು. 1941ರಲ್ಲಿ ಅದನ್ನು ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಕರೆಯಲಾಯಿತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲು ಅರಣ್ಯಗಳಲ್ಲಿ ಬಂಡೀಪುರವೂ ಒಂದು.

'ಉದ್ಯಾನ' ಎಂಬ ಪದ ಮೊದಲ ಬಾರಿ ಬರುವವರನ್ನು ದಾರಿ ತಪ್ಪಿಸುವುದುಂಟು. ಇಲ್ಲಿ ಕಾಲ್ನಡಿಗೆಯಲ್ಲಿ ಸುತ್ತಾಡುವ ದಾರಿಗಳಾಗಲಿ, ಬುತ್ತಿ ಬಿಚ್ಚಿ ಕೂರುವ ಹುಲ್ಲುಹಾಸಾಗಲಿ ಇಲ್ಲ. ಕಾಡಿನೊಳಗೆ ಪ್ರವೇಶ ಅರಣ್ಯ ಇಲಾಖೆಯ ಅನುಮತಿಯುಳ್ಳ ವಾಹನಗಳಲ್ಲಿ, ನಿಗದಿತ ಪ್ರವಾಸಿ ವಲಯಕ್ಕೆ ಮಾತ್ರ.

ಹುಲಿ ಕಾಣುವುದೇ?

ಸಂದರ್ಶಕರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. 2022ರ ಅಖಿಲ ಭಾರತ ಹುಲಿ ಗಣತಿಯಲ್ಲಿ ಬಂಡೀಪುರ ಮೀಸಲು ಪ್ರದೇಶದೊಳಗೆ 150 ಹುಲಿಗಳಿವೆಯೆಂದು ಅಂದಾಜಿಸಲಾಯಿತು. ಕಾರ್ಬೆಟ್ ಬಿಟ್ಟರೆ ದೇಶದಲ್ಲಿ ಇದೇ ಹೆಚ್ಚಿನ ಸಂಖ್ಯೆ. ಆದರೂ ಒಂದು ಸಫಾರಿಯಲ್ಲಿ ಹುಲಿ ಕಂಡೇ ಕಾಣುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಹುಲಿ ಒಂಟಿಯಾಗಿ ತಿರುಗುವ, ಪೊದೆಯ ಮರೆಯಲ್ಲಿ ಬಾಳುವ ಪ್ರಾಣಿ. ಅನುಭವಿ ಚಾಲಕರು ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುತ್ತಾರೆ. ಮರದ ಮೇಲಿನ ಮುಸುವದ ಕೆಮ್ಮಿನಂಥ ಕೂಗು, ಜಿಂಕೆಯ ಚೂಪಾದ ಎಚ್ಚರಿಕೆಯ ದನಿ, ಇವುಗಳ ಜೊತೆಗೆ ಕಡವೆಯ ಗಡುಸಾದ ಕೂಗೂ ಕೇಳಿಬಂದರೆ ಸಮೀಪದಲ್ಲಿ ಹುಲಿ, ಚಿರತೆ ಅಥವಾ ಸೀಳುನಾಯಿ ಇರುವ ಸಾಧ್ಯತೆ ಬಲವಾಗಿರುತ್ತದೆ. ಆ ಹೊತ್ತಿನಲ್ಲಿ ವಾಹನದಲ್ಲಿದ್ದವರು ಮಾತು ನಿಲ್ಲಿಸುವುದು ಎಲ್ಲರಿಗೂ ಲಾಭ.

ಹುಲಿಯೊಂದನ್ನೇ ಗುರಿಯಾಗಿಸಿಕೊಂಡವರು ಬಂಡೀಪುರದ ನಿಜವಾದ ಸಂಪತ್ತನ್ನು ಗಮನಿಸದೆ ಹಿಂದಿರುಗುತ್ತಾರೆ. ಆನೆ, ಕಾಡೆಮ್ಮೆ, ಜಿಂಕೆ, ಕಾಡುಹಂದಿ, ನವಿಲು ಬಹುಮಟ್ಟಿಗೆ ಕಾಣಸಿಗುತ್ತವೆ. ಕರಡಿ, ಕಾಡುಕುರಿ, ನಾಲ್ಕು ಕೊಂಬಿನ ಕೊಂಡುಕುರಿ ಅಪರೂಪ. ಕಾಡೆಮ್ಮೆಗೆ ಹೆಸರಿನಲ್ಲಿ ಎಮ್ಮೆ ಇದ್ದರೂ ಅದು ದನದ ಹತ್ತಿರದ ಬಂಧು. ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವುದೇ ಅದರ ಗುರುತು. ಗುಂಪಾಗಿ ಬೇಟೆಯಾಡುವ ಸೀಳುನಾಯಿಗಳ ಅಧ್ಯಯನದಲ್ಲಿ ಬಂಡೀಪುರಕ್ಕೆ ವಿಶೇಷ ಸ್ಥಾನವಿದೆ. ಜೀವವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 1978ರವರೆಗೆ ಇಲ್ಲಿಯೇ ಇವುಗಳ ಜೀವನಕ್ರಮವನ್ನು ಅಭ್ಯಸಿಸಿದರು. ಕನ್ನಡದ ಛಾಯಾಗ್ರಾಹಕ ಜೋಡಿ ಕೃಪಾಕರ–ಸೇನಾನಿ ಕೂಡ ಸೀಳುನಾಯಿಗಳನ್ನು ದೀರ್ಘಕಾಲ ಹಿಂಬಾಲಿಸಿ ಸಾಕ್ಷ್ಯಚಿತ್ರ ನಿರ್ಮಿಸಿದ್ದಾರೆ.

ಸಸ್ಯಸಂಪತ್ತು

ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಇಲ್ಲಿಯದು ಹೆಚ್ಚಾಗಿ ಎಲೆ ಉದುರುವ ಒಣ ಕಾಡು. ತೇಗ, ಬೀಟೆ, ಹೊನ್ನೆ, ಮತ್ತಿ, ದಿಂಡಿಗ, ಶ್ರೀಗಂಧ, ನೆಲ್ಲಿ ಮತ್ತು ಬಿದಿರು ಮುಖ್ಯವಾದವು. ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಎಲೆಯೇ ಇಲ್ಲದ ಮರವೊಂದು ಕೆಂಡದ ಬಣ್ಣದ ಹೂ ತುಂಬಿ ನಿಂತಿದ್ದರೆ ಅದು ಮುತ್ತುಗ. ಬೇಸಿಗೆ ಬಲಿತ ಮೇಲೆ ಹಳದಿ ಹೂಗೊಂಚಲುಗಳನ್ನು ಇಳಿಬಿಡುವುದು ಕಕ್ಕೆ. ಅದರ ಕೋಲಿನಂಥ ಉದ್ದ ಕಾಯಿಗಳಿಂದ ಉಳಿದ ಕಾಲದಲ್ಲಿಯೂ ಗುರುತಿಸಬಹುದು. ಹೊನ್ನೆಯ ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ.

ಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿದಿರುತ್ತದೆ. ಈ ಜಾತಿಯ ಕೆಲವು ಮರಗಳು ಒಣಕಾಲದಲ್ಲಿ ಕಾಂಡದೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಡಿನ ಜನರಿಗೆ ಮೊದಲಿನಿಂದಲೂ ತಿಳಿದಿದ್ದ ಈ ಸಂಗತಿಯನ್ನು ಬಂಡೀಪುರದ ಅರಣ್ಯ ಸಿಬ್ಬಂದಿಯೇ ಪರೀಕ್ಷಿಸಿ ವೈಜ್ಞಾನಿಕ ಟಿಪ್ಪಣಿಯಾಗಿ ಪ್ರಕಟಿಸಿದರು.

ರಸ್ತೆಯ ಇಕ್ಕೆಲಗಳಲ್ಲಿ ಕೆಂಪು, ಹಳದಿ, ಗುಲಾಬಿ ಬಣ್ಣದ ಸಣ್ಣ ಹೂಗೊಂಚಲುಗಳ ಮುಳ್ಳುಪೊದೆಯನ್ನು ಕಂಡು ಅನೇಕರು ಮೆಚ್ಚಿಕೊಳ್ಳುತ್ತಾರೆ. ಅದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟಗಳ ಅಲಂಕಾರಕ್ಕೆಂದು ಭಾರತಕ್ಕೆ ತರಲಾಯಿತು. ಇಂದು ಅದು ಬಂಡೀಪುರದ ದೊಡ್ಡ ಭಾಗವನ್ನು ಆವರಿಸಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಬೆಳೆಯಗೊಡುತ್ತಿಲ್ಲ. ಹುಲ್ಲು ಕಡಿಮೆಯಾದರೆ ಜಿಂಕೆ, ಕಾಡೆಮ್ಮೆಗಳಿಗೆ ಮೇವು ಕಡಿಮೆ. ಒಣಗಿದ ಪೊದೆಗಳು ಬೇಸಿಗೆಯಲ್ಲಿ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತವೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಹೆಣೆಯುತ್ತಾರೆ. ಆದರೆ ಗಿಡ ಹರಡುವ ವೇಗದೆದುರು ಅಂಥ ಬಳಕೆ ಅಲ್ಪ.

ಯಾವ ಕಾಲ ಸೂಕ್ತ?

ಉತ್ತರವು ನೋಡಬೇಕಾದುದನ್ನು ಅವಲಂಬಿಸಿದೆ. ಮಾರ್ಚ್‌ನಿಂದ ಮೇವರೆಗೆ ಎಲೆ ಉದುರಿ ದೃಷ್ಟಿ ದೂರದವರೆಗೆ ಹರಿಯುತ್ತದೆ, ಪ್ರಾಣಿಗಳು ಕೆರೆಕಟ್ಟೆಗಳ ಬಳಿ ಸೇರುತ್ತವೆ. ಆದರೆ ಬಿಸಿಲು ಮತ್ತು ಧೂಳು ಹೆಚ್ಚು, ಕಾಳ್ಗಿಚ್ಚಿನ ಭಯವಿದ್ದಾಗ ಪ್ರವೇಶಕ್ಕೆ ನಿರ್ಬಂಧವೂ ಬರಬಹುದು. ಮಳೆ ಬಿದ್ದ ಮೇಲೆ ಕಾಡು ಹಸಿರಾಗಿ ಆನೆಗಳ ಹಿಂಡು ರಸ್ತೆಯ ಬದಿಯಲ್ಲೇ ಮೇಯುತ್ತವೆ, ಆದರೆ ಪೊದೆಗಳ ನಡುವೆ ಬೇರೆ ಪ್ರಾಣಿಗಳನ್ನು ಗುರುತಿಸುವುದು ಕಷ್ಟ. ಡಿಸೆಂಬರ್–ಜನವರಿಯ ಮುಂಜಾನೆಗೆ ಬೆಚ್ಚನೆಯ ಉಡುಪು ಬೇಕು.

ಪ್ರಯಾಣ ಮತ್ತು ರಾತ್ರಿ ಸಂಚಾರ ನಿಷೇಧ

ಬಂಡೀಪುರವು ಮೈಸೂರಿನಿಂದ ಸುಮಾರು 80, ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್ ದೂರದಲ್ಲಿದೆ. ಸಮೀಪದ ಪಟ್ಟಣ ಗುಂಡ್ಲುಪೇಟೆ. ಸಫಾರಿಗಳು ಬೆಳಗಿನ ಜಾವ ಮತ್ತು ಸಂಜೆ ನಡೆಯುವುದು ವಾಡಿಕೆ.

ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ. 2025ರ ನವೆಂಬರ್‌ನಲ್ಲಿ ಕಾಡಂಚಿನ ಗ್ರಾಮಗಳಲ್ಲಿ ರೈತರು ಹುಲಿ ದಾಳಿಗೆ ಬಲಿಯಾದ ಬಳಿಕ ರಾಜ್ಯ ಸರ್ಕಾರವು ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ಸ್ಥಗಿತಗೊಳಿಸಿತು. ಪ್ರವಾಸಿಗೆ ಹುಲಿ ಒಂದು ದರ್ಶನವಾದರೆ, ಹೊಲಕ್ಕೆ ಹೋಗುವ ಕಾಡಂಚಿನ ರೈತನಿಗೆ ಅದು ದಿನನಿತ್ಯದ ಆತಂಕ.

ಉದ್ಯಾನದ ಮೂಲಕ ಊಟಿಗೂ ವಯನಾಡಿಗೂ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯಿದೆ. ಸಂಜೆ ತಡವಾಗಿ ಹೊರಟವರು ಗುಂಡ್ಲುಪೇಟೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ವಯನಾಡಿಗೆ ಹೋಗುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವು ಪರ್ಯಾಯ.

ಹಗಲಿನಲ್ಲಿಯೂ ಹೆದ್ದಾರಿಯ ಮೇಲೆ ವಾಹನ ನಿಲ್ಲಿಸುವುದು, ಇಳಿಯುವುದು, ಪ್ರಾಣಿಗಳಿಗೆ ತಿಂಡಿ ಎಸೆಯುವುದು ದಂಡನೀಯ. ರಸ್ತೆಬದಿಯ ತಿಂಡಿಗೆ ಒಗ್ಗಿಕೊಂಡ ಕೋತಿ, ಆನೆಗಳು ವಾಹನಗಳನ್ನೇ ಹುಡುಕಿಕೊಂಡು ಬರತೊಡಗುತ್ತವೆ. 2025ರ ಆಗಸ್ಟ್‌ನಲ್ಲಿ ಆನೆಯೊಡನೆ ಸೆಲ್ಫಿ ತೆಗೆದುಕೊಳ್ಳಲು ರಸ್ತೆಗಿಳಿದ ಪ್ರವಾಸಿಯೊಬ್ಬರು ಅದರ ಕಾಲಿಗೆ ಸಿಕ್ಕಿ ಗಾಯಗೊಂಡರು. ಇಲಾಖೆ ಅವರಿಗೆ ದಂಡವನ್ನೂ ವಿಧಿಸಿತು.

ಗೋಪಾಲಸ್ವಾಮಿ ಬೆಟ್ಟ

ಸಫಾರಿಯಿಲ್ಲದೆಯೂ ಈ ಭೂಭಾಗವನ್ನು ನೋಡಬಯಸುವವರಿಗೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ತಕ್ಕ ಸ್ಥಳ. ತುದಿಯಲ್ಲಿ ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ವರ್ಷದ ಬಹುಭಾಗ ಮಂಜು ಕವಿಯುವುದರಿಂದ ಬೆಟ್ಟಕ್ಕೆ 'ಹಿಮವದ್' ಎಂಬ ವಿಶೇಷಣ. ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ, ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ತಪ್ಪಲಿನಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೆಟ್ಟದ ಮೇಲೆ ತಂಗಲು ಅವಕಾಶವಿಲ್ಲ.