ರೋಗಿಯ ಬಾಯಿ, ಕ್ಯಾಂಡಿಡಾ ಮತ್ತು ಔಷಧ: ಒಂದು ಸಮೀಕ್ಷೆ

2021ರ ಬೇಸಗೆಯಲ್ಲಿ ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರದ ರೋಗವು ಅಂಗುಳನ್ನೂ ಕಣ್ಣನ್ನೂ ನುಂಗಿದುದನ್ನು ಕಂಡ ಜನರಲ್ಲಿ, ಬಾಯಿಯ ಶಿಲೀಂಧ್ರವೆಂದರೆ ಅದೊಂದೇ ಎಂಬ ಭಾವನೆ ಬಲಿತುದು ಸಹಜವೇ ಸರಿ. ಆದರೆ ವೈದ್ಯರಲ್ಲಿಯೂ ಅನೇಕರು ಅದೇ ಭಾವನೆಗೆ ವಶರಾಗಿ, ವಾರ್ಡುಗಳಲ್ಲಿ ರೋಗಿಗಳ ಬಾಯಿಯಲ್ಲಿ ಅನುದಿನವೂ ಕಾಣುವ ಕ್ಯಾಂಡಿಡಾದ ಬಿಳಿಯ ಪೊರೆಯನ್ನು ಗಣನೆಗೆ ಬಾರದ ಅಲ್ಪರೋಗವೆಂದೆಣಿಸಿ, ಯಾವ ಪರೀಕ್ಷೆಯೂ ಇಲ್ಲದೆ ಫ್ಲುಕೊನಜೋಲ್ ಮಾತ್ರೆಯನ್ನು ಬರೆದು ಮುಂದಿನ ಹಾಸಿಗೆಗೆ ನಡೆಯುತ್ತಿರುವುದರಿಂದ, ಈ ಕ್ಷೇತ್ರವು ನಡೆದುಬಂದ ದಾರಿಯನ್ನು ಒಮ್ಮೆ ನೆನಪಿಸುವುದು ಅನುಚಿತವಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಆದ್ಯತಾಪಟ್ಟಿಯಲ್ಲಿ ಕಪ್ಪು ಶಿಲೀಂಧ್ರದ ಗಣವು ಎರಡನೆಯ ಪಂಕ್ತಿಯಲ್ಲಿದೆ; ರಕ್ತಕ್ಕಿಳಿದಾಗ ಉಗ್ರರೂಪವನ್ನು ತಾಳುವ ಕ್ಯಾಂಡಿಡಾ ಆಲ್ಬಿಕನ್ಸ್ ಮೊದಲನೆಯ ಪಂಕ್ತಿಯಲ್ಲಿದೆ.

ಬಾಯಿಯ ಕ್ಯಾಂಡಿಡಾ ರೋಗವು ಪುರಾತನವಾದುದು. ಕೃಶರಾದ ರೋಗಿಗಳ ಬಾಯಿಯಲ್ಲೇಳುವ ಇಂಥ ವಿಕಾರವನ್ನು ಹಿಪೋಕ್ರೇಟಸನ ಹೆಸರಿನ ಗ್ರಂಥಗಳೇ ಬಣ್ಣಿಸಿವೆ. 1839ರಲ್ಲಿ ಲಾಂಗೆನ್‌ಬೆಕ್ ಟೈಫಾಯ್ಡ್ ರೋಗಿಯೊಬ್ಬನಲ್ಲಿ ಶಿಲೀಂಧ್ರವನ್ನು ಕಂಡನು. ಸ್ಟಾಕ್‌ಹೋಮಿನ ಬೆರ್ಗ್ ಮತ್ತು ಪ್ಯಾರಿಸಿನ ಗ್ರೂಬಿ ಮುಂದಿನ ಕೆಲವೇ ವರ್ಷಗಳಲ್ಲಿ ಶಿಶುಗಳ ಬಾಯಿಯ ಪೊರೆಗೆ ಅದೇ ಕಾರಣವೆಂದು ಸಾರಿದರು. 1923ರಲ್ಲಿ ಬರ್ಕ್‌ಹೌಟ್ ಎಂಬ ವಿದುಷಿ ಆ ಕುಲಕ್ಕೆ ಕ್ಯಾಂಡಿಡಾ ಎಂದು ಹೆಸರಿಟ್ಟಳು. ಅದಾದ ಮೇಲೆ ಬಹುಕಾಲ ಚಿಕಿತ್ಸೆಯೆಂದರೆ ಮುಖ್ಯವಾಗಿ ಜೆನ್ಷನ್ ವಯಲೆಟ್ಟಿನ ನೇರಳೆ ಬಣ್ಣವನ್ನು ಬಳಿಯುವುದೇ ಆಗಿತ್ತು.

ನಿಜವಾದ ಔಷಧವು ದೊರೆತುದು 1950ರಲ್ಲಿ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ವರ್ಜೀನಿಯದ ಹೊಲವೊಂದರ ಮಣ್ಣಿನಿಂದ ನಿಸ್ಟಾಟಿನ್ನನ್ನು ಹೊರತೆಗೆದರು. ಅದೇ ದಶಕದಲ್ಲಿ ಆಂಫೊಟೆರಿಸಿನ್-ಬಿ ಬಂದಿತು. ನಮ್ಮ ದೇಶವೂ ಕೈಕಟ್ಟಿ ಕುಳಿತಿರಲಿಲ್ಲ. ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಮಂಡಯಂ ಮನೆತನದ ಎಂ. ಜೆ. ತಿರುಮಲಾಚಾರ್ಯರೂ ಅವರ ಸಂಗಡಿಗರೂ ಹ್ಯಾಮೈಸಿನ್ನನ್ನು ರೂಪಿಸಿದರು. 

ನಮ್ಮ ತಲೆಮಾರಿನವರು ಈ ಶಾಸ್ತ್ರವನ್ನು ಕಲಿತುದು ಏಡ್ಸಿನ ಶಾಲೆಯಲ್ಲಿ. 1981ರಲ್ಲಿ ಅಮೆರಿಕದಿಂದ ಬಂದ ಮೊದಲ ವರದಿಯಲ್ಲಿಯೇ ಬಾಯಿಯ ಕ್ಯಾಂಡಿಡಾ ಇತ್ತು. 1986ರಲ್ಲಿ ಮದರಾಸಿನಲ್ಲಿ ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಅವರ ಶ್ರಮದಿಂದ ಭಾರತದ ಮೊದಲ ಎಚ್‌ಐವಿ ಸೋಂಕುಗಳು ಬೆಳಕಿಗೆ ಬಂದ ಬಳಿಕ, ರಕ್ತಪರೀಕ್ಷೆಗೆ ಮೊದಲೇ ನಾಲಗೆಯನ್ನು ನೋಡಿ ಸಂದೇಹಪಡುವ ಅಭ್ಯಾಸವು ನಮ್ಮಲ್ಲಿ ಬೆಳೆಯಿತು. 1990ರಲ್ಲಿ ಅಮೆರಿಕದಲ್ಲಿ ಮಾನ್ಯವಾದ ಫ್ಲುಕೊನಜೋಲ್ ವರದಂತೆಯೇ ತೋರಿತು. ಆದರೆ ತಿಂಗಳುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಅದನ್ನು ನುಂಗಿದ ರೋಗಿಗಳಲ್ಲಿ ಅದೇ ಆಲ್ಬಿಕನ್ಸ್ ಔಷಧವನ್ನು ಹೊರದೂಡುವ ಪಂಪುಗಳನ್ನು ಹೆಚ್ಚಿಸಿಕೊಂಡು, ಔಷಧದ ಗುರಿಯಾದ ಕಿಣ್ವವನ್ನೇ ಮಾರ್ಪಡಿಸಿಕೊಂಡು ಎದುರುನಿಂತಿತು. 2004ರಿಂದ ಭಾರತ ಸರಕಾರವು ಎಚ್‌ಐವಿ ಔಷಧವನ್ನು ಉಚಿತವಾಗಿ ನೀಡತೊಡಗಿದ ಮೇಲೆ ಆ ರೋಗಿಗಳ ಬಾಯಿ ಬಹುಮಟ್ಟಿಗೆ ಶುದ್ಧವಾಯಿತು. ಕ್ಯಾಂಡಿಡಾ ಮಾತ್ರ ಮಧುಮೇಹಿಗಳ, ವಿಕಿರಣಚಿಕಿತ್ಸೆ ಪಡೆಯುವವರ, ಸ್ಟೀರಾಯ್ಡ್ ಸೇದುವವರ, ಕೃತಕದಂತ ಧರಿಸಿದವರ, ತೀವ್ರನಿಗಾ ಘಟಕದಲ್ಲಿ ಬಹುವಿಧ ಆ್ಯಂಟಿಬಯಾಟಿಕ್‌ಗಳ ಮೇಲಿರುವವರ ಬಾಯಿಯಲ್ಲಿ ಉಳಿದೇ ಉಳಿಯಿತು.

ಏಡ್ಸಿನ ಆ ದಿನಗಳ ಪ್ರಯೋಗಶಾಲೆಯು ಬಡತನದಲ್ಲಿಯೂ ಶಿಸ್ತುಳ್ಳದ್ದಾಗಿತ್ತು. ಪೊರೆಯನ್ನು ಕೆರೆದು ಗ್ರಾಂ ಬಣ್ಣದಲ್ಲಿ ನೋಡುವುದು, ಸಬುರೋ ಅಗಾರಿನಲ್ಲಿ ಬೆಳೆಸುವುದು, ಸೀರಮ್ಮಿನಲ್ಲಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆಯಿಟ್ಟು ಮೊಳಕೆನಾಳವನ್ನು ಹುಡುಕುವುದು, ಮೆಕ್ಕೆಜೋಳದ ಹಿಟ್ಟಿನ ಅಗಾರಿನಲ್ಲಿ ರೂಪವನ್ನು ಪರೀಕ್ಷಿಸುವುದು, ಇಷ್ಟರಿಂದಲೇ ಆಲ್ಬಿಕನ್ಸನ್ನು ಟ್ರಾಪಿಕಾಲಿಸ್, ಗ್ಲಾಬ್ರಾಟಾ, ಕ್ರೂಸೈಗಳಿಂದ ಬೇರ್ಪಡಿಸಲು ಸಾಧ್ಯವಾಗುತ್ತಿತ್ತು. 1994ರ ಬಳಿಕ ಬಂದ ಬಣ್ಣದ ಅಗಾರು ಆ ಕೆಲಸವನ್ನು ಸುಗಮಗೊಳಿಸಿತು. ಕ್ರೂಸೈಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಿಷ್ಫಲ, ಗ್ಲಾಬ್ರಾಟಾಕ್ಕೆ ಹೆಚ್ಚಿನ ಪ್ರಮಾಣವೇ ಬೇಕೆಂಬುದನ್ನು ತಿಳಿದವನಿಗೆ ಪ್ರಭೇದದ ಹೆಸರೇ ಅರ್ಧ ಚಿಕಿತ್ಸೆ. ಪ್ರಭೇದವನ್ನು ಗುರುತಿಸುವ ಸ್ವಯಂಚಾಲಿತ ಯಂತ್ರಗಳನ್ನು ನಾನು ಹಳಿಯುವುದಿಲ್ಲ; ಆದರೆ ಅವುಗಳಲ್ಲಿ ಹಲವು ಬಹುಕಾಲ ಕ್ಯಾಂಡಿಡಾ ಆರಿಸ್‌ಅನ್ನು ಹೆಮುಲೋನಿಯೈ ಎಂಬ ಬೇರೊಂದು ಪ್ರಭೇದವೆಂದೇ ಓದಿದುವೆಂಬುದನ್ನು, 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾದ ಆರಿಸ್ ಶಿಲೀಂಧ್ರವು ಕೆಲವೇ ವರ್ಷಗಳಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಪತ್ತೆಯಾಯಿತೆಂಬುದನ್ನು ಮರೆಯಲಾಗದು.

ಔಷಧ ಸಂವೇದನೆಯ ಪರೀಕ್ಷೆಗೆ 1997ರಲ್ಲಿ ಅಮೆರಿಕದ ಮಾನಕವು ಸಿದ್ಧವಾಯಿತು. 2004ರಲ್ಲಿ ಮೆಥಿಲೀನ್ ಬ್ಲೂ ಬೆರೆಸಿದ ಮುಲ್ಲರ್-ಹಿಂಟನ್ ಅಗಾರಿನ ಮೇಲೆ 25 ಮೈಕ್ರೋಗ್ರಾಂ ಫ್ಲುಕೊನಜೋಲಿನ ಡಿಸ್ಕನ್ನಿಡುವ ಅಗ್ಗದ ವಿಧಾನವೂ ಒದಗಿತು. ನಮ್ಮ ಕಾಲೇಜುಗಳಿಂದ ಹೊರಟ ಪ್ರಬಂಧಗಳಲ್ಲಿ ಹಲವು ಇದನ್ನೇ ಆಧರಿಸಿವೆ. ಆದರೆ ಅವುಗಳ ಶೇಕಡಾವಾರು ಅಂಕೆಗಳನ್ನು ಸಾಲಾಗಿ ಜೋಡಿಸಿ ಪ್ರತಿರೋಧವು ಏರಿತು ಇಳಿಯಿತು ಎನ್ನುವವರು ಒಂದನ್ನು ಗಮನಿಸಬೇಕು: ಹಳೆಯ ಲೆಕ್ಕದಲ್ಲಿ ಪ್ರತಿ ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಫ್ಲುಕೊನಜೋಲಿಗೆ ಅಡಗಿದ ಆಲ್ಬಿಕನ್ಸ್ ಸಂವೇದಿ, 2012ರ ಪರಿಷ್ಕರಣದ ಬಳಿಕ ಅದೇ 8ಕ್ಕೆ ಅಡಗಿದುದು ಪ್ರತಿರೋಧಿ. ಶಿಲೀಂಧ್ರವು ಬದಲಾಗದೆಯೇ ಅಂಕೆಯು ಬದಲಾಗಬಲ್ಲುದು.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಸಂವೇದಿಯೆಂದು ಕಂಡ ಸೋಂಕುಗಳಲ್ಲಿ ನೂರಕ್ಕೆ ಸುಮಾರು 90 ಗುಣವಾಗುವುವು, ಪ್ರತಿರೋಧಿಯೆಂದು ಕಂಡವುಗಳಲ್ಲಿಯೂ ಸುಮಾರು 60 ಗುಣವಾಗುವುವು ಎಂದು ರೆಕ್ಸ್ ಮತ್ತು ಫಾಲರ್ 2002ರಲ್ಲಿಯೇ ತೋರಿಸಿದರು. ಎಂದರೆ ತಟ್ಟೆಯ ಮೇಲೆ ಡಿಸ್ಕಿನ ಸುತ್ತ ಕಾಣುವ ವಲಯದೊಡನೆ ರೋಗಿಯ ಶರೀರವೂ ಫಲವನ್ನು ನಿರ್ಣಯಿಸುತ್ತದೆ. ಹೀಗಿರುವಾಗ ನಮ್ಮ ಎಷ್ಟೋ ಪ್ರಬಂಧಗಳು ತಳಿಗಳನ್ನೆಣಿಸಿ, ಕೋಷ್ಟಕವನ್ನಿಟ್ಟು, ಆ ರೋಗಿಗೆ ಏನು ಕೊಟ್ಟರು, ಪೊರೆಯು ಹೋಯಿತೇ, ಮರಳಿ ಬಂದಿತೇ ಎಂಬುದನ್ನು ಹೇಳದೆ ಮುಗಿಯುತ್ತವೆ. ಆರೋಗ್ಯವಂತರ ಬಾಯಿಯಲ್ಲಿಯೂ ಕ್ಯಾಂಡಿಡಾ ವಾಸಿಸುವುದರಿಂದ, ಬೆಳೆದುದೆಲ್ಲವನ್ನೂ ರೋಗವೆಂದೆಣಿಸಿದ ಲೆಕ್ಕಕ್ಕೆ ಬೆಲೆಯೂ ಅಲ್ಪ.

ಆದುದರಿಂದ ಈಗ ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯವನ್ನು ಅರಸುತ್ತಿರುವ ತರುಣರಲ್ಲಿ ನನ್ನ ಬಿನ್ನಹವಿಷ್ಟು: ಕೆರೆದ ಪೊರೆಯಲ್ಲಿ ಶಿಲೀಂಧ್ರದ ಎಳೆಗಳನ್ನು ಕಂಡ ಮೇಲೆ ಮಾತ್ರ ರೋಗವೆನ್ನಿರಿ, ಪ್ರಭೇದವನ್ನು ಹೆಸರಿಸಿರಿ, ಯಾವ ವರ್ಷದ ಮಾನಕದಿಂದ ಅಳೆದಿರೆಂಬುದನ್ನು ಬರೆಯಿರಿ; ಎರಡು ವಾರಗಳ ತರುವಾಯ ಅದೇ ರೋಗಿಯ ಹಾಸಿಗೆಯ ಬಳಿಗೆ ಹೋಗಿ ಅವನ ಬಾಯಿಯನ್ನು ಮತ್ತೊಮ್ಮೆ ನೋಡಿರಿ.