ಸೆರೆಯ ಕಥನ, ಮೊಳೆ ಜೋಡಿಸಿದ ಕೈ: ಮೇರಿ ರೋಲ್ಯಾಂಡ್‌ಸನ್ ಮತ್ತು ಜೇಮ್ಸ್ ಪ್ರಿಂಟರ್

ಮೇರಿ ರೋಲ್ಯಾಂಡ್‌ಸನ್ ಬರೆದ ಸೆರೆಯ ಕಥನ 1682ರಲ್ಲಿ ಬಾಸ್ಟನ್‌ನಲ್ಲಿ ಮೊದಲು ಅಚ್ಚಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲೂ ಲಂಡನ್‌ನಲ್ಲೂ ಮರುಮುದ್ರಣ ಕಂಡಿತು. ಬಾಸ್ಟನ್ ಮುದ್ರಣದ ಕೆಲವೇ ಹಾಳೆಗಳು ಇಂದು ಉಳಿದಿವೆ. ಉಳಿದ ಪ್ರತಿಗಳು ಓದುಗರ ಕೈಯಲ್ಲೇ ಸವೆದುಹೋಗಿರಬೇಕು. ಅಮೆರಿಕನ್ ಸಾಹಿತ್ಯ ಚರಿತ್ರೆಗಳು ಈ ಕೃತಿಯನ್ನು ಸೆರೆಕಥನವೆಂಬ ಪ್ರಕಾರದ ಮೂಲವೆಂದು ಗುರುತಿಸುತ್ತ ಬಂದಿವೆ. ಅದರ ರಚನೆಯಲ್ಲಿ ಪಾಲುಗೊಂಡ ಮೂಲನಿವಾಸಿಯೊಬ್ಬನನ್ನು ಗಣನೆಗೆ ತೆಗೆದುಕೊಳ್ಳದೆ ಈ ಕೃತಿಯನ್ನು ಸರಿಯಾಗಿ ಓದಲಾಗದು ಎಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆ ಇಷ್ಟು: ವಾಂಪನೋಗ್ ನಾಯಕ ಮೆಟಾಕಮ್‌ನನ್ನು ಇಂಗ್ಲಿಷರು ಕಿಂಗ್ ಫಿಲಿಪ್ ಎಂದು ಕರೆಯುತ್ತಿದ್ದರು. 1675ರಲ್ಲಿ ಆರಂಭವಾದ ಯುದ್ಧಕ್ಕೂ ಅದೇ ಹೆಸರು ನಿಂತಿತು. 1676ರ ಫೆಬ್ರವರಿ 10ರಂದು ಲ್ಯಾಂಕಾಸ್ಟರ್ ಊರಿನ ಮೇಲೆ ದಾಳಿ ನಡೆಯಿತು. ಮೇರಿಯ ಗಂಡ ಪಾದ್ರಿ ಜೋಸೆಫ್ ರೋಲ್ಯಾಂಡ್‌ಸನ್ ಸಹಾಯ ಕೇಳಲು ಬಾಸ್ಟನ್‌ಗೆ ಹೋಗಿದ್ದ. ಆತನ ಮನೆಯಲ್ಲಿ ಆಶ್ರಯ ಪಡೆದಿದ್ದ ಮೂವತ್ತೇಳು ಜನರಲ್ಲಿ ಸಾವನ್ನೂ ಸೆರೆಯನ್ನೂ ತಪ್ಪಿಸಿಕೊಂಡವನು ಒಬ್ಬನೇ ಎಂದು ಮೇರಿ ದಾಖಲಿಸುತ್ತಾಳೆ. ಮೇರಿಯೂ ಸೆರೆಸಿಕ್ಕಳು. ಗಾಯಗೊಂಡ ಆಕೆಯ ಆರು ವರ್ಷದ ಮಗಳು ಸಾರಾ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಹನ್ನೊಂದು ವಾರಗಳ ಸೆರೆವಾಸವನ್ನು ಮೇರಿ ಇಪ್ಪತ್ತು ಸ್ಥಳಾಂತರಗಳಾಗಿ ವಿಂಗಡಿಸಿ ಬರೆದಳು.

ಪುಸ್ತಕದ ಹೊರಚೌಕಟ್ಟು ಪ್ಯೂರಿಟನ್ ಧರ್ಮಶ್ರದ್ಧೆಯದು. ಇನ್‌ಕ್ರೀಸ್ ಮಾಥರ್ ಬರೆದದ್ದೆಂದು ಸಾಮಾನ್ಯವಾಗಿ ನಂಬಲಾದ ಮುನ್ನುಡಿ, ಹೆಂಗಸೊಬ್ಬಳು ತನ್ನ ಅನುಭವವನ್ನು ಅಚ್ಚಿಗೆ ಕೊಟ್ಟದ್ದಕ್ಕೆ ಸಮರ್ಥನೆ ಒದಗಿಸುತ್ತದೆ. ಕಷ್ಟವೆಲ್ಲ ದೇವರ ಶಿಕ್ಷೆ, ಬಿಡುಗಡೆ ದೇವರ ಕೃಪೆ ಎಂಬ ಮಾತು ಪುಟಪುಟದಲ್ಲೂ ಇದೆ. ಆದರೆ ಹಸಿವಿನ ವಿವರಗಳು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಸೆರೆಯಲ್ಲಿದ್ದ ಇಂಗ್ಲಿಷ್ ಮಗುವೊಂದು ಬೇಯಿಸಿದ ಕುದುರೆಗೊರಸಿನ ತುಂಡನ್ನು ಕಚ್ಚಲಾರದೆ ಚೀಪುತ್ತಿತ್ತು. ಮೇರಿ ಅದನ್ನು ಆ ಮಗುವಿನಿಂದ ಕಿತ್ತುಕೊಂಡು ತಾನೇ ತಿಂದಳು. ರುಚಿಯಾಗಿತ್ತು ಎಂದೂ ಬರೆದಳು. ಪಾದ್ರಿಯ ಹೆಂಡತಿ ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲವೆಂಬುದೇ ಈ ಗದ್ಯದ ಸತ್ವ. ಮೆಟಾಕಮ್ ತನ್ನ ಮಗನಿಗೆ ಅಂಗಿ ಹೊಲಿಸಿಕೊಂಡು ಒಂದು ಶಿಲಿಂಗ್ ಕೊಟ್ಟದ್ದು, ಅದರಿಂದ ಆಕೆ ಕುದುರೆಮಾಂಸ ಕೊಂಡದ್ದು, ಮೆಡ್‌ಫೀಲ್ಡ್ ದಾಳಿಯಿಂದ ಮರಳಿದ ಯೋಧನೊಬ್ಬ ಲೂಟಿಯಲ್ಲಿ ಸಿಕ್ಕ ಬೈಬಲ್ಲನ್ನು ಕೊಟ್ಟದ್ದು, ಇವೂ ಇಲ್ಲಿವೆ. ಎದುರಾಳಿಗಳನ್ನು ಕ್ರೂರಿಗಳೆಂದು ಜರೆಯುವ ಅದೇ ಲೇಖನಿ ಅವರೊಡನೆ ನಡೆದ ಕೊಡುಕೊಳ್ಳುವಿಕೆಯನ್ನೂ ಬಿಡದೆ ಬರೆದಿದೆ.

ಬಿಡುಗಡೆಯ ಹಣವನ್ನು ಹೇಳಬೇಕಾದವಳೂ ಆಕೆಯೇ. ಕಡಿಮೆ ಹೇಳಿದರೆ ಸೆರೆಹಿಡಿದವರು ಕಡೆಗಣಿಸಿಯಾರು, ಹೆಚ್ಚು ಹೇಳಿದರೆ ಗಂಡನಿಗೆ ಹೊಂದಿಸಲಾಗದು. ಕೊನೆಗೆ ಇಪ್ಪತ್ತು ಪೌಂಡ್ ಎಂದಳು. ಆ ಕುರಿತ ಪತ್ರವನ್ನು ಬರೆದವನು ಕ್ರೈಸ್ತಧರ್ಮ ಸ್ವೀಕರಿಸಿದ ಇಂಡಿಯನ್ನನೆಂದು ಮೇರಿ ಕಹಿಯಿಂದಲೇ ಹೇಳುತ್ತಾಳೆ, ಹೆಸರಿಸುವುದಿಲ್ಲ. ಸಂಶೋಧಕರು ಅವನನ್ನು ಜೇಮ್ಸ್ ಪ್ರಿಂಟರ್ ಎಂದು ಗುರುತಿಸುತ್ತಾರೆ.

ಪ್ರಿಂಟರ್ ನಿಪ್ಮಕ್ ಜನಾಂಗದವನು, ಹುಟ್ಟುಹೆಸರು ವವಾವಸ್. 1659ರಲ್ಲಿ ಕೇಂಬ್ರಿಡ್ಜ್‌ನ ಸ್ಯಾಮ್ಯುಯೆಲ್ ಗ್ರೀನ್‌ನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ. ಪಾದ್ರಿ ಜಾನ್ ಎಲಿಯಟ್ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆಗೆ ತಂದ ಬೈಬಲ್ 1663ರಲ್ಲಿ ಹೊರಬಂದಾಗ ಅದರ ಮೊಳೆ ಜೋಡಿಸಿದವರಲ್ಲಿ ಇವನೂ ಒಬ್ಬ. ಆ ನೆಲದಲ್ಲಿ ಅಚ್ಚಾದ ಮೊದಲ ಪೂರ್ಣ ಬೈಬಲ್ ಇಂಗ್ಲಿಷಿನದಲ್ಲ, ಇದು. ಯುದ್ಧ ಬಂದೊಡನೆ ಆ ಸೇವೆ ಯಾರಿಗೂ ನೆನಪಾಗಲಿಲ್ಲ. 1675ರ ಆಗಸ್ಟ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ನಡೆದ ಹತ್ಯೆಗಳ ಆರೋಪ ಹೊರಿಸಿ ಅವನನ್ನೂ ಸಂಗಡಿಗರನ್ನೂ ಬಾಸ್ಟನ್ ಸೆರೆಮನೆಗೆ ತಳ್ಳಿದರು. ವಿಚಾರಣೆಯ ಬಳಿಕ ಅವನು ಬಿಡುಗಡೆಯಾದ. ಮುಂದೆ ಹೋರಾಡುತ್ತಿದ್ದ ನಿಪ್ಮಕ್ಕರು ಕ್ರೈಸ್ತ ನಿಪ್ಮಕ್ಕರ ಊರಾದ ಹಸ್ಸನಮೆಸಿಟ್‌ನಲ್ಲಿದ್ದವರನ್ನು ತಮ್ಮೊಡನೆ ಕರೆದೊಯ್ದಾಗ ಅವನೂ ಹೋದ. ಬಲವಂತಕ್ಕೆ ಹೋದನೆ, ಒಪ್ಪಿ ಹೋದನೆ ಎಂದು ವಸಾಹತಿನ ಬರವಣಿಗೆ ಕೇಳುತ್ತಲೇ ಇತ್ತು. ಎರಡೂ ಕಡೆ ನೆಲೆ ತಪ್ಪಿದವನಿಗೆ ಆ ಪ್ರಶ್ನೆಯೇ ಅನ್ಯಾಯದ್ದೆಂದು ನನಗನಿಸುತ್ತದೆ.

1676ರ ಬೇಸಿಗೆಯಲ್ಲಿ ಕ್ಷಮಾದಾನ ಘೋಷಣೆಯಾದಾಗ ಆತ ಮರಳಿ ಬಂದು ಮತ್ತೆ ಗ್ರೀನ್‌ನ ಅಚ್ಚುಕೂಟ ಸೇರಿದ. ರೋಲ್ಯಾಂಡ್‌ಸನ್ ಕೃತಿಯ ಕೇಂಬ್ರಿಡ್ಜ್ ಮುದ್ರಣ ಹೊರಬಂದದ್ದು ಅಲ್ಲಿಂದಲೇ. ಅದರ ಮೊಳೆ ಜೋಡಣೆಯಲ್ಲಿ ಅವನ ಕೈಯಿತ್ತೆಂಬುದು ಈ ಕಾಲದ ಇತಿಹಾಸಕಾರರ ನಿಲುವು. ಅದು ನಿಜವಾದರೆ, ಆಕೆಯ ಬಿಡುಗಡೆಗೆ ಪತ್ರ ಬರೆದವನೇ ತನ್ನವರನ್ನು ಹಳಿಯುವ, ತನ್ನನ್ನೂ ಹೆಸರಿಲ್ಲದೆ ದೂರುವ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸಿದ. ಕಡು ದುಃಖದ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ಸಲ್ಲದು. 1683ರಲ್ಲಿ ಬೈಬಲ್ಲಿನ ಎರಡನೆಯ ಮುದ್ರಣ ನಡೆಯುತ್ತಿದ್ದಾಗ, ಅರ್ಥ ತಿಳಿದು ಮೊಳೆ ಜೋಡಿಸಿ ತಿದ್ದಬಲ್ಲವನು ತಮ್ಮಲ್ಲಿ ಇವನೊಬ್ಬನೇ ಎಂದು ಎಲಿಯಟ್ ವಿಜ್ಞಾನಿ ರಾಬರ್ಟ್ ಬಾಯ್ಲ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ.

ಹೀಗಾಗಿ ವಸಾಹತು ಸಾಹಿತ್ಯವೆಂದರೆ ಇಂಗ್ಲಿಷರು ಮೂಲನಿವಾಸಿಗಳ ಬಗ್ಗೆ ಬರೆದದ್ದು ಮಾತ್ರ ಎಂಬ ತಿಳಿವಳಿಕೆಯನ್ನು ಕೈಬಿಡಬೇಕು. ಮೂಲನಿವಾಸಿಗಳು ಓದಿದರು, ಬರೆದರು, ಅಚ್ಚು ಹಾಕಿದರು. ರೋಲ್ಯಾಂಡ್‌ಸನ್ ಕಥನವನ್ನು ಪಾಠ ಮಾಡುವವರು ಬಿಡುಗಡೆಯ ಪತ್ರವ್ಯವಹಾರವನ್ನೂ ಮ್ಯಾಸಚೂಸೆಟ್ ಭಾಷೆಯ ಮುದ್ರಣಗಳನ್ನೂ ಅದರ ಜೊತೆಗಿಟ್ಟು ಓದಿಸಲಿ. 1709ರಲ್ಲಿ ಅಚ್ಚಾದ ಮ್ಯಾಸಚೂಸೆಟ್ ಕೀರ್ತನೆಗಳ ಪುಸ್ತಕದ ಮುಖಪುಟದಲ್ಲಿ ಮುದ್ರಕರಾಗಿ ಬಿ. ಗ್ರೀನ್ ಜೊತೆಗೆ ಜೆ. ಪ್ರಿಂಟರ್ ಹೆಸರೂ ಇದೆ.